ಸೇವೆಗೊಂದು ಸರದಿ

ಲೋಕದ ನಡವಳಿಕೆಯನ್ನು ಅನುಸರಿಸಬೇಡಿ ಎಂದು ಬೈಬಲಿನಲ್ಲಿ ಪೌಲನು ರೋಮಾಪುರದ ಕ್ರೈಸ್ತರಿಗೆ ಬರೆದ ಪತ್ರದ ಮಾತನ್ನು (12:2) ನಮ್ಮಲ್ಲಿ ಬಹಳ ಮಂದಿ ಬಿಡಬೇಕಾದ ಚಟಗಳ ಪಟ್ಟಿಯಾಗಿ ಓದುತ್ತಾರೆ. ಕುಡಿತ ಬೇಡ, ಜೂಜು ಬೇಡ, ಸುಳ್ಳು ಬೇಡ. ಬೇಡವೇ ಬೇಡ, ಒಪ್ಪುತ್ತೇನೆ. ಆದರೆ ಅದೇ ಅಧ್ಯಾಯವನ್ನು ಮುಂದಕ್ಕೆ ಓದಿದರೆ ಪೌಲನು ಕೇಳುವುದು ಇನ್ನೂ ಕಷ್ಟದ್ದು: ತನ್ನನ್ನು ಯೋಗ್ಯತೆಗೆ ಮೀರಿ ಎಣಿಸಿಕೊಳ್ಳದಿರುವುದು, ಮರ್ಯಾದೆ ಕೊಡುವುದರಲ್ಲಿ ಮುಂದಾಗುವುದು, ದೀನರೊಂದಿಗೆ ಬಳಕೆ ಇಟ್ಟುಕೊಳ್ಳುವುದು. ಕ್ರೈಸ್ತನ ಬದುಕು ಎದ್ದು ಕಾಣಬೇಕಾದದ್ದು ಇಲ್ಲಿಯೇ ಎಂದು ನಂಬಿ ನಡೆಯುತ್ತಿದ್ದೇನೆ. ಅದನ್ನು ಹೇಗೆ ರೂಢಿಸಿಕೊಂಡೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಮನಸ್ಸಾದಾಗ ಸೇವೆ ಮಾಡೋಣ ಎಂಬ ಯೋಚನೆಯನ್ನು ಮೊದಲಿಗೇ ಕೈಬಿಟ್ಟೆ. ಮನಸ್ಸಾಗುವುದು ಹೆಚ್ಚಾಗಿ ನಾಲ್ಕು ಜನ ಮೆಚ್ಚುವ ಕೆಲಸಕ್ಕೆ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ಮಠವಾಸಿಗಳಿಗೆ ಬರೆದುಕೊಟ್ಟ ನಿಯಮದಲ್ಲಿ ಅಡುಗೆಮನೆಯ ಕೆಲಸಕ್ಕೆ ವಾರದ ಸರದಿ ಇದೆ. ಸರದಿ ಮುಗಿಸುವವನು ಶನಿವಾರ ಒರೆಸುವ ಬಟ್ಟೆಗಳನ್ನೆಲ್ಲ ಒಗೆದು, ಮುಂದಿನವನ ಜೊತೆಗೂಡಿ ಎಲ್ಲರ ಪಾದ ತೊಳೆಯಬೇಕು. ಅಲ್ಲಿ ಭಾವೋದ್ವೇಗಕ್ಕೆ ಕಾಯುವಂತಿಲ್ಲ. ದಿನ ಬಂತು, ಕೆಲಸ ಮಾಡಬೇಕು. ನಾನೂ ಹಾಗೆಯೇ ದಿನ ಗೊತ್ತು ಮಾಡಿಕೊಂಡೆ. ಶನಿವಾರ ಸಭಾಮಂದಿರದ ಶೌಚಾಲಯ ತೊಳೆಯುವುದು, ಬುಧವಾರ ಸಂಜೆ ಹಾಸಿಗೆ ಹಿಡಿದ ಹಿರಿಯರೊಬ್ಬರ ಆರೈಕೆ.

ಕೆಲಸಕ್ಕಿಂತ ಕಠಿಣವಾದದ್ದು ಅದರ ಬಗ್ಗೆ ಬಾಯಿ ಮುಚ್ಚಿಕೊಂಡಿರುವುದು. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬ ಮಾತು ನಮಗೆಲ್ಲ ಕಂಠಪಾಠ. ಆದರೂ ದೇವರು ನಡೆಸಿದ್ದನ್ನು ಸಭೆಯಲ್ಲಿ ಸಾಕ್ಷಿ ಹೇಳುವ ನೆಪದಲ್ಲಿ, ಪ್ರಾರ್ಥನಾ ವಿಷಯವೆಂಬ ನೆಪದಲ್ಲಿ, ಮಾಡಿದ್ದು ಹೊರಬೀಳಲು ದಾರಿ ಹುಡುಕುತ್ತಿರುತ್ತದೆ. ಇಲ್ಲಿ ಬರೆಯುವಾಗಲೂ ಹೆಸರು ಹಾಕದಿರುವುದು ಅದಕ್ಕಾಗಿಯೇ.

ಬುಧವಾರದ ಹಿರಿಯರು ನಿವೃತ್ತ ಶಿಕ್ಷಕರು. ಪಾರ್ಶ್ವವಾಯುವಿನಿಂದ ಬಲಭಾಗ ಸೋತಿದೆ. ಬಿಸಿನೀರು ಹದವಾಗಿದೆಯೇ ಎಂದು ಮೊದಲು ನನ್ನ ಮೊಣಕೈಗೆ ತಾಗಿಸಿ ನೋಡುತ್ತೇನೆ, ಏಕೆಂದರೆ ಆ ಕಾಲಿಗೆ ಸುಟ್ಟರೂ ತಿಳಿಯುವುದಿಲ್ಲ. ಪಾದ ತೊಳೆದು, ಬೆರಳುಗಳ ಸಂದಿಯಲ್ಲಿ ತೇವ ಉಳಿಯದಂತೆ ಒರೆಸಿ, ಹಿಮ್ಮಡಿ ಕೆಂಪಾಗಿದೆಯೇ ಎಂದು ನೋಡುತ್ತೇನೆ. ಮಲಗಿದಲ್ಲೇ ಇರುವವರಿಗೆ ಹುಣ್ಣು ಏಳುವ ಜಾಗಗಳಲ್ಲಿ ಅದೂ ಒಂದು. ಆರಂಭದಲ್ಲಿ ಅವರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಮಲಗುತ್ತಿದ್ದರು. ಊರಿಗೆಲ್ಲ ಪಾಠ ಹೇಳಿದ ಮನುಷ್ಯ ಇನ್ನೊಬ್ಬರ ಕೈಗೆ ಕಾಲು ಕೊಟ್ಟು ಮಲಗುವ ಸಂಕಟ ಅದು. ಅಂದಿನಿಂದ ಪ್ರತಿಯೊಂದನ್ನೂ ಅವರನ್ನು ಕೇಳಿಯೇ ಮಾಡುತ್ತೇನೆ.

"ಮೇಷ್ಟ್ರೇ, ಮೊದಲು ಯಾವ ಕಾಲು?"

"ಎಡಗಾಲು. ಅವಸರ ಬೇಡ."

ಅಪ್ಪಣೆ ಅವರದು, ಕೆಲಸ ನನ್ನದು. ಹೀಗಾದ ಮೇಲೆ ಅವರ ಮುಖ ನನ್ನ ಕಡೆಗೆ ತಿರುಗಿತು.

ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸು ಶಿಷ್ಯರ ಪಾದ ತೊಳೆಯುವ ಭಾಗವನ್ನು ಇದಾದ ಮೇಲೆ ಬೇರೆಯೇ ರೀತಿಯಲ್ಲಿ ಓದುತ್ತೇನೆ. ಯೇಸು ಕೈಪಾವಡವನ್ನು (ಒರೆಸುವ ಬಟ್ಟೆಯನ್ನು) ನಡುವಿಗೆ ಕಟ್ಟಿಕೊಳ್ಳುವ ಮುಂಚೆ ಒಂದು ಮಾತಿದೆ: ತಂದೆಯು ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ, ತಾನು ದೇವರ ಬಳಿಯಿಂದ ಬಂದವನು ಎಂದು ಆತನಿಗೆ ತಿಳಿದಿತ್ತು. ಅಷ್ಟನ್ನೂ ತಿಳಿದೇ ಆತನು ಬಗ್ಗಿದನು. ತಾನು ಯಾರೆಂಬುದು ತಂದೆಯಲ್ಲಿ ಗಟ್ಟಿಯಾಗಿದ್ದವನಿಗೆ ಗುಲಾಮರ ಕೆಲಸದಿಂದ ಕುಂದು ಬರಲಿಲ್ಲ. ಆ ರಾತ್ರಿಯೇ ಶಿಷ್ಯರು ತಮ್ಮಲ್ಲಿ ಯಾರು ದೊಡ್ಡವರು ಎಂದು ವಾದಿಸಿದರೆಂದು ಲೂಕನು ಬರೆಯುತ್ತಾನೆ. ಆತನನ್ನು ಶತ್ರುಗಳಿಗೆ ಹಿಡಿದುಕೊಡಲಿದ್ದ ಯೂದನೂ ಆ ಊಟದಲ್ಲಿದ್ದನು. ಯೋಗ್ಯರನ್ನು ಹುಡುಕಿ ಸೇವೆ ಮಾಡುವ ಆಯ್ಕೆ ನಮಗಿಲ್ಲ ಎಂಬುದಕ್ಕೆ ನನಗೆ ಇಷ್ಟು ಸಾಕು. ಶನಿವಾರ ಕೆಲಸಕ್ಕೆ ಹೋಗುವ ಮುಂಚೆ ಆ ವಚನಗಳನ್ನು ಓದಿಕೊಂಡೇ ಹೋಗುತ್ತೇನೆ.

ದೀನತೆ ಎಂದರೆ ಅನ್ಯಾಯದ ಮುಂದೆ ತಲೆತಗ್ಗಿಸಿಕೊಂಡಿರುವುದು ಎನ್ನುವವರ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಮಹಾಯಾಜಕನ ಓಲೇಕಾರನು ಕೆನ್ನೆಗೆ ಹೊಡೆದಾಗ ಯೇಸು, ನಾನು ಹೇಳಿದ್ದು ಸರಿಯಾಗಿದ್ದರೆ ಏಕೆ ಹೊಡೆಯುತ್ತೀ ಎಂದು ಕೇಳಿದನು. ಕಚೇರಿಯಲ್ಲಿ ಕೆಳಗಿನ ನೌಕರನೊಬ್ಬನನ್ನು ಎಲ್ಲರೆದುರು ಹೀನಾಯವಾಗಿ ಬೈದರೆ ನಾನು ದನಿ ಏರಿಸುವುದಿಲ್ಲ, ಸುಮ್ಮನೆಯೂ ಇರುವುದಿಲ್ಲ.

ಆ ರಾತ್ರಿ ಶಿಷ್ಯ ಪೇತ್ರನು ತನ್ನ ಪಾದ ತೊಳೆಯಲು ಯೇಸುವನ್ನು ಮೊದಲು ಬಿಡಲಿಲ್ಲವಲ್ಲ, ಆ ಹಟವೂ ಒಂದು ಬಗೆಯ ಗರ್ವವೇ. ಕೊಡುತ್ತಲೇ ಇರುವವನು ಮೇಲೆಯೇ ಇರುತ್ತಾನೆ, ಪಡೆಯುವುದನ್ನೂ ಕಲಿಯಬೇಕು. ಮೇಷ್ಟ್ರಿಗೆ ಒಂದು ಕೀರ್ತನೆ ಓದಿ ಹೇಳುವುದು ಬುಧವಾರದ ಕೊನೆಯ ಕೆಲಸ. ನಿಲ್ಲಬೇಕಾದಲ್ಲಿ ನಿಲ್ಲದೆ ಓಡಿದರೆ ಎಡಗೈ ಎತ್ತಿ ತಡೆಯುತ್ತಾರೆ, ಆ ಸಾಲನ್ನು ಮತ್ತೆ ಓದಿಸುತ್ತಾರೆ. ಭಾನುವಾರ ವಾಕ್ಯ ಓದುವ ಸರದಿ ನನ್ನದಾದರೆ ಆ ಭಾಗವನ್ನು ಬುಧವಾರವೇ ಅವರೆದುರು ಓದಿ ತಿದ್ದಿಸಿಕೊಳ್ಳುತ್ತೇನೆ.