ಗ್ಲೋರಿಯಾ ಕಲಿಸುವುದು ನವೆಂಬರಿನಲ್ಲಿ

2017ರ ಡಿಸೆಂಬರ್ 24 ಭಾನುವಾರ ಬಿದ್ದಿತ್ತು. ಮಂಗಳೂರು ಪೇಟೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ನಮ್ಮ ಚರ್ಚಿನ ಕೊಯರನ್ನು, ಅಂದರೆ ಹಾಡುವ ತಂಡವನ್ನು, ನಾನು ವಹಿಸಿಕೊಂಡು ಆಗಿನ್ನೂ ನಾಲ್ಕು ತಿಂಗಳು. ಬೆಳಿಗ್ಗೆ ಆಗಮನ ಕಾಲದ, ಅಂದರೆ ಕ್ರಿಸ್ಮಸ್ಸಿಗೆ ಸಿದ್ಧವಾಗುವ ವಾರಗಳ, ನಾಲ್ಕನೇ ಭಾನುವಾರದ ಪೂಜೆ, ಸಂಜೆಗೆ ಕ್ರಿಸ್ಮಸ್. ಫಾದರ್ ಬೆಳಿಗ್ಗೆ ನೇರಳೆ ಬಟ್ಟೆಯಲ್ಲಿ, ಸಂಜೆ ಬಿಳಿ ಬಟ್ಟೆಯಲ್ಲಿ. ಆ ವರ್ಷ ಆಗಮನ ಕಾಲ ಬರೀ 22 ದಿನ. ಅದು ಅದಕ್ಕಿಂತ ಚಿಕ್ಕದಾಗುವುದೇ ಇಲ್ಲ. ಹೊಸಬಳಾದ ನನಗೆ ಸಿಕ್ಕಿದ್ದು ಅಂಥ ವರ್ಷ.

ಆದರೂ ನನ್ನ ಪಟ್ಟಿ ಉದ್ದ ಇತ್ತು. ಹದಿಮೂರು ಹಾಡು, ಅದರಲ್ಲಿ ಒಂಬತ್ತು ಹೊಸದು. ಪೂಜೆಯ ಆರಂಭದಲ್ಲಿ ದೇವರ ಮಹಿಮೆ ಹಾಡುವ ಗ್ಲೋರಿಯಾ ನಾಲ್ಕು ದನಿಯಲ್ಲಿ, ಜಿ ಮೇಜರ್ ಸ್ಕೇಲಿನಲ್ಲಿ. ಎಲ್ಲಕ್ಕಿಂತ ಮೇಲಿನ ದನಿಯಾದ ಸೊಪ್ರಾನೊದ ಹುಡುಗಿಯರು ಮೇಲಿನ ಜಿ ಸ್ವರ ಮುಟ್ಟುವಾಗ ಪ್ರಾಕ್ಟೀಸಿನಲ್ಲಿ ನನಗೇ ಮೈ ಜುಮ್ ಅನ್ನುತ್ತಿತ್ತು.

ಸಂಜೆ ಏಳಕ್ಕೆ ಮೈದಾನದಲ್ಲಿ ಪೂಜೆ ಶುರುವಾಯಿತು. ಮಧ್ಯರಾತ್ರಿ ಪೂಜೆ ಅನ್ನುವುದು ನಮ್ಮಲ್ಲಿ ಈಗ ಹೆಸರಿಗೆ ಮಾತ್ರ ಉಳಿದಿದೆ. ಫಾದರ್ ಗ್ಲೋರಿಯಾದ ಮೊದಲ ಸಾಲನ್ನು ತಮಗೆ ಸಿಕ್ಕ ಶ್ರುತಿಯಲ್ಲಿ ಎತ್ತಿಕೊಂಡರು. ಅದು ಎಫ್ ಹತ್ತಿರ ಎಲ್ಲೋ ಇತ್ತು. ಕೀಬೋರ್ಡಿನ ಹುಡುಗ ಅಭ್ಯಾಸಬಲದಿಂದ ಜಿ ಒತ್ತಿದ. ಹೆಂಗಸರು ಕೀಬೋರ್ಡಿನ ಹಿಂದೆ ಹೋದರು, ಗಂಡಸರು ಫಾದರ್ ಹಿಂದೆ ಹೋದರು. ಅಷ್ಟರಲ್ಲಿ ಚರ್ಚಿನ ದೊಡ್ಡ ಗಂಟೆ, ಪೂಜೆಗೆ ಸಹಾಯ ಮಾಡುವ ಮಕ್ಕಳ ಕೈಗಂಟೆ, ಬಾಲಯೇಸುವಿನ ಗೊಂಬೆ ಇಡುವ ಗೋದಲಿ ಹತ್ತಿರ ಯಾರೋ ಹಚ್ಚಿದ ಮಾಲೆ ಪಟಾಕಿ. ದೇವರು ದೊಡ್ಡವನು, ಅರ್ಧ ತಪ್ಪು ಆ ಗದ್ದಲದಲ್ಲಿ ಮುಚ್ಚಿಹೋಯಿತು.

ಪೂಜೆ ಮುಗಿದ ಮೇಲೆ ಕೈ ಕುಲುಕಿದವರೆಲ್ಲ ಒಂದೇ ಮಾತು ಹೇಳಿದರು. "ಪ್ರೋಗ್ರಾಮ್ ಲಾಯ್ಕ್ ಆಯ್ತು ಟೀಚರ್." ತಪ್ಪು ಯಾರಿಗೂ ಗೊತ್ತಾಗಿರಲಿಲ್ಲ. ಆದರೆ ಪ್ರೋಗ್ರಾಮ್ ಅನ್ನುವ ಆ ಒಂದು ಮಾತು ಮನೆಗೆ ಹೋಗಿ ಹಬ್ಬದ ತಿಂಡಿ ನೆವ್ರಿ ತಿನ್ನುವಾಗಲೂ ಗಂಟಲಲ್ಲೇ ಕೂತಿತ್ತು.

ನಮ್ಮ ಕೊಯರಿನಲ್ಲಿ ಎಪ್ಪತ್ತು ದಾಟಿದ ಒಬ್ಬರು ಅಂಕಲ್ ಇದ್ದಾರೆ, ಬೇಸ್ ದನಿ, ಅಂದರೆ ಎಲ್ಲಕ್ಕಿಂತ ಕೆಳಗಿನದು. ಅವರು ಸಣ್ಣವರಿದ್ದಾಗ ಪೂಜೆಯೆಲ್ಲ ಲ್ಯಾಟಿನ್‌ನಲ್ಲಿ. 1963ರಲ್ಲಿ ವ್ಯಾಟಿಕನ್ ಮಹಾಸಭೆ ಊರ ಭಾಷೆಗೆ ದಾರಿ ಮಾಡಿಕೊಟ್ಟ ಮೇಲೆ ತಾನೆ ಕೊಂಕಣಿ, ಕನ್ನಡ ಎಲ್ಲ ಬಂದದ್ದು. ಲ್ಯಾಟಿನ್ ಗ್ಲೋರಿಯಾ ಅವರಿಗೆ ಈಗಲೂ ಬಾಯಿಪಾಠ. "ಅರ್ಥ ಗೊತ್ತಿರ್ಲಿಲ್ಲ ಮಗಾ. ಆದ್ರೆ ಮೀನು ಮಾರುವ ಹೆಂಗಸಿನಿಂದ ಹಿಡಿದು ಎಲ್ಲರೂ ಹಾಡ್ತಿದ್ರು. ಈಗ ಅರ್ಥ ಗೊತ್ತುಂಟು, ನೀವು ಹದಿನೈದು ಜನ ಹಾಡ್ತೀರಿ, ನಾವು ಕೇಳ್ತೇವೆ." ತಾವೂ ಆ ಹದಿನೈದರಲ್ಲಿ ಒಬ್ಬರು ಎನ್ನುವುದು ಅವರಿಗೆ ಮರೆತುಹೋಗಿತ್ತು. ನಾನು ನೆನಪಿಸಲಿಲ್ಲ.

ಮುಂದಿನ ವರ್ಷ ಜೂನಿನಲ್ಲಿ ಒಂದು ಕೆಲಸ ಮಾಡಿದೆ. ಒಂದು ಭಾನುವಾರ ಕೊಯರನ್ನು ಬೇರೆಯವರಿಗೆ ಬಿಟ್ಟು ಹಿಂದಿನ ಬೆಂಚಿನಲ್ಲಿ ಕೂತೆ. ಮೊಬೈಲಿನಲ್ಲಿ ಪೂರ್ತಿ ಪೂಜೆ ರೆಕಾರ್ಡ್ ಮಾಡಿದೆ. ಮನೆಗೆ ಬಂದು ಕೇಳಿದರೆ ಪ್ರವೇಶ ಗೀತೆಯಲ್ಲಿ ಕೊಯರಿನ ಮೈಕು, ಫ್ಯಾನಿನ ಗರಗರ, ಹೊರಗಿನ ಮಳೆ. ಜನ ಇಲ್ಲವೇ ಇಲ್ಲ. ಫಾದರ್ ಹಾಡಿ ಹೇಳುವ ಸಾಲಿಗೆ ಉತ್ತರ ಕೊಡುವಾಗ ಮಾತ್ರ ಇಡೀ ಚರ್ಚು ಬಾಯಿ ಬಿಡುತ್ತಿತ್ತು. ಕೀಬೋರ್ಡ್ ಪಕ್ಕದಲ್ಲಿಟ್ಟು ಆ ಸ್ವರ ಯಾವುದೆಂದು ಹುಡುಕಿದೆ. ನಮ್ಮ ಹಾಡುಗಳಿಗಿಂತ ಎಷ್ಟೋ ಕೆಳಗಿತ್ತು. ಜನರಿಗೆ ಹಾಡಲು ಮನಸ್ಸಿಲ್ಲ ಅಂದುಕೊಂಡಿದ್ದೆ. ನಾನು ಕೊಟ್ಟ ಸ್ಕೇಲಿನಲ್ಲಿ ಅವರಿಗೆ ಹಾಡಲು ಆಗುತ್ತಿರಲಿಲ್ಲ, ಅಷ್ಟೆ.

ಅವತ್ತಿನಿಂದ ಒಂದು ನಿಯಮ. ಜನರು ಹಾಡಬೇಕಾದ ಹಾಡು ಮೇಲಿನ ಡಿ ದಾಟಬಾರದು. ಜಿ ಮೇಜರಿನ ಗ್ಲೋರಿಯಾ ಡಿ ಮೇಜರಿಗೆ ಇಳಿಯಿತು. ಕೀಬೋರ್ಡಿನಲ್ಲಿ ಸ್ಕೇಲ್ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಉಂಟು, ಒತ್ತಿದರೆ ಮುಗಿಯಿತು. ಹುಡುಗಿಯರ ಮುಖ ಇಳಿದದ್ದಕ್ಕೆ ಮಾತ್ರ ಬಟನ್ ಇರಲಿಲ್ಲ. "ಟೀಚರ್, ಇದೆಂತ, ಜೋಗುಳದ ಹಾಗೆ ಉಂಟಲ್ಲ?" ಎಂದಳು ಒಬ್ಬಳು. ಅವರಿಗಾಗಿ ಪರಮಪ್ರಸಾದದ ನಂತರ ಒಂದು ಹಾಡು ಬಿಟ್ಟುಕೊಟ್ಟೆ. ಅದರಲ್ಲಿ ಎಷ್ಟು ಬೇಕಾದರೂ ಮೇಲೆ ಹೋಗಲಿ. ಆ ಹೊತ್ತಿಗೆ ಜನ ಕೂತು ಕೇಳುವುದೇ ಚೆಂದ.

ಸ್ಕೇಲ್ ಇಳಿಸಿದ ಮಾತ್ರಕ್ಕೆ ಆಗುವುದಿಲ್ಲ. ರಾಗ ಗೊತ್ತಿರಬೇಕಲ್ವಾ? ಇಲ್ಲಿ ಒಂದು ತೊಡಕು. ಆಗಮನ ಕಾಲದ ಭಾನುವಾರಗಳಲ್ಲಿ ಗ್ಲೋರಿಯಾ ಹಾಡುವಂತಿಲ್ಲ. ಅಲ್ಲೆಲೂಯ ಇರುತ್ತದೆ, ಗ್ಲೋರಿಯಾ ಇರುವುದಿಲ್ಲ. ಅದನ್ನು ಕ್ರಿಸ್ಮಸ್ ರಾತ್ರಿಗೆಂದೇ ತೆಗೆದಿಡುವುದು. ಹಾಗಾಗಿ ಹೊಸ ಗ್ಲೋರಿಯಾ ಕಲಿತ ಕೊಯರು ಅದನ್ನು ಜನರ ಮುಂದೆ ಮೊದಲ ಬಾರಿಗೆ ಹಾಡುವುದು 24ರ ರಾತ್ರಿಯೇ. ಜನ ಬಾಯಿ ಮುಚ್ಚಿ ನಿಲ್ಲದೆ ಇನ್ನೇನು ಮಾಡುತ್ತಾರೆ?

ಪೂಜೆಗೆ ಮೊದಲು ಐದು ನಿಮಿಷ ಕಲಿಸಬಹುದಾ ಎಂದು ಫಾದರ್ ಹತ್ತಿರ ಕೇಳಿದೆ. ಅವರು ಒಪ್ಪಿದರು, ಅಂಕಲ್ ಒಪ್ಪಲಿಲ್ಲ. ನೇರಳೆ ಬಟ್ಟೆಯ ಮುಂದೆ ಗ್ಲೋರಿಯಾ ಎಂಥದ್ದು ಎಂದರು. ಅವರು ಹೇಳಿದ್ದು ಸರಿ ಎಂದೇ ನನಗೂ ಅನ್ನಿಸಿತು. ಆಮೇಲೆ ಕ್ಯಾಲೆಂಡರ್ ತಿರುಗಿಸುವಾಗ ಉಪಾಯ ಹೊಳೆಯಿತು. ನವೆಂಬರಿನ ಭಾನುವಾರಗಳಲ್ಲಿ ಹೇಗೂ ಗ್ಲೋರಿಯಾ ಇದೆ. ಕ್ರಿಸ್ಮಸ್ಸಿಗೆ ಇಟ್ಟುಕೊಂಡ ಅದೇ ಗ್ಲೋರಿಯಾವನ್ನು ನವೆಂಬರ್ ಮೊದಲ ಭಾನುವಾರದಿಂದ ಆಗಮನ ಕಾಲಕ್ಕೆ ಮುಂಚಿನ ಕೊನೆಯ ಭಾನುವಾರವಾದ ಕ್ರಿಸ್ತರಾಜನ ಹಬ್ಬದವರೆಗೆ ಹಾಡಿಬಿಟ್ಟರೆ? ಆಡಂಬರ ಇಲ್ಲ, ನಾಲ್ಕು ದನಿ ಇಲ್ಲ, ಒಂದು ದನಿ, ಒಂದು ಕೀಬೋರ್ಡ್. ಆಮೇಲೆ ಪೂರ್ತಿ ನಿಲ್ಲಿಸುವುದು. ಡಿಸೆಂಬರ್ 8ರ ಅಮಲೋದ್ಭವ ಮಾತೆಯ ಹಬ್ಬಕ್ಕೆ ಗ್ಲೋರಿಯಾ ಇರುತ್ತದೆ, ಅಲ್ಲಿ ಒಮ್ಮೆ ನೆನಪು ಮಾಡಿಸುವುದು. 24ಕ್ಕೆ ನಾಲ್ಕು ದನಿ, ಗಂಟೆ, ಎಲ್ಲ ಸೇರಿಸುವುದು. ಇಷ್ಟು ವರ್ಷದಲ್ಲಿ ನಾನು ಸ್ವಂತವಾಗಿ ಕಂಡುಕೊಂಡದ್ದು ಅಂತ ಇದ್ದರೆ ಇದೊಂದೇ.

ಫಾದರ್ ಶ್ರುತಿಯ ಸಮಸ್ಯೆಯೂ ಸುಲಭದಲ್ಲಿ ಬಗೆಹರಿಯಿತು. ಈಗ ಗ್ಲೋರಿಯಾಕ್ಕೆ ಮೊದಲು ಕೀಬೋರ್ಡಿನ ಹುಡುಗ ಆರಂಭದ ಸ್ವರವನ್ನು ಮೆಲ್ಲಗೆ ಒತ್ತಿ ಹಿಡಿಯುತ್ತಾನೆ. ಫಾದರ್ ಅದನ್ನು ಹಿಡಿಯದಿದ್ದರೆ ಅವನು ಸುಮ್ನೆ ಕೈ ತೆಗೆಯಬೇಕು. ಎರಡು ಸಾಲು ಬರಿಗಂಟಲಲ್ಲಿ ಹೋಗಲಿ, ಆಮೇಲೆ ನೋಡಿಕೊಳ್ಳೋಣ.

ಪ್ರಾಕ್ಟೀಸ್ ಮಂಗಳವಾರ ಮತ್ತು ಶುಕ್ರವಾರ, ಮನೆಮನೆಯಲ್ಲಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ, ಏಳೂಮುಕ್ಕಾಲರಿಂದ ಒಂಬತ್ತು. ಪುಸ್ತಕದಲ್ಲಿ ಇಪ್ಪತ್ತೆರಡು ಹೆಸರಿದೆ, ಬರುವುದು ಹದಿನಾಲ್ಕು. ಗಂಡಸರ ಮೇಲಿನ ದನಿಯಾದ ಟೆನರಿಗೆ ಇಬ್ಬರೇ. ಮೂರನೆಯವನು ದುಬೈಯಲ್ಲಿದ್ದಾನೆ, ಡಿಸೆಂಬರ್ 20ಕ್ಕೆ ಬಂದು ಇಳಿಯುತ್ತಾನೆ. ಅವನಿಗೆ ಅವನ ಪಾರ್ಟನ್ನು ನಾನೇ ಹಾಡಿ ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಹೆಂಗಸಿನ ಗಂಟಲಲ್ಲಿ ಟೆನರ್ ಕೇಳಿ ಅವನ ರೂಮಿನವರು ನಗುತ್ತಾರಂತೆ, ನಗಲಿ. ಮೊದಲೆಲ್ಲ 23ರ ರಾತ್ರಿಯವರೆಗೂ ಪ್ರಾಕ್ಟೀಸ್ ಇಡುತ್ತಿದ್ದೆ. ಯಾರೂ ಬರುತ್ತಿರಲಿಲ್ಲ, ಬಂದವರ ಮೈಯೆಲ್ಲ ಎಣ್ಣೆ ವಾಸನೆ. ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳನ್ನು, ಮಾಡುವ ವಾರ ಅದು. ಅದರಲ್ಲಿ ಒಂದಾದ ಕಿಡಿಯೊ ಸುತ್ತಲು ಮನೆಯಲ್ಲಿ ಎಲ್ಲರ ಕೈಯೂ ಬೇಕು. ಈಗ 17ಕ್ಕೇ ಕಲಿಕೆ ಮುಗಿಸುತ್ತೇನೆ. ಆಮೇಲೆ ಮೈದಾನದಲ್ಲಿ ಮೈಕಿನ ಜೊತೆ ಒಂದೇ ಒಂದು ಸಲ.

ಈ ಮಧ್ಯೆ ಕ್ಯಾರಲ್. ವಾರ್ಡ್ ವಾರ್ಡಿಗೆ ಹೋಗುವವರೂ ನಮ್ಮ ಕೊಯರಿನ ಅದೇ ಯುವಕರು. ಸಾಂತಾ ವೇಷ, ಡ್ರಮ್, ರಾತ್ರಿಯ ಮಂಜು. ಒಂದು ವಾರದಲ್ಲಿ ಗಂಟಲು ಕಾಗೆ ಕೂಗಿದ ಹಾಗೆ. ಬೇಡ ಅನ್ನಲು ನಾನು ಯಾರು? ಹಬ್ಬದ ನಿಜವಾದ ಖುಷಿ ಇರುವುದು ಅಲ್ಲೇ. ಮುಖ್ಯ ಸೊಪ್ರಾನೊ ಮೂವರು ಕ್ಯಾರಲಿನಲ್ಲಿ ಗಿಲಕಿ ಅಲ್ಲಾಡಿಸುತ್ತಾರೆ, ಹಾಡುವುದಿಲ್ಲ ಎಂಬ ಒಪ್ಪಂದಕ್ಕೆ ಬಂದಿದ್ದೇವೆ. ಪೂರ್ತಿ ಪಾಲಿಸುತ್ತಾರೆ ಅಂತೇನೂ ನಾನು ನಂಬಿಲ್ಲ.

ಉಚ್ಚಾರದ್ದು ಬೇರೆಯೇ ಕಥೆ. ನಮ್ಮಲ್ಲಿ ಕೊಂಕಣಿ ಹಾಡು ಕನ್ನಡ ಲಿಪಿಯಲ್ಲಿ ಇರುತ್ತದೆ. ಇಂಗ್ಲಿಷ್ ಮೀಡಿಯಮ್ ಮಕ್ಕಳು ಕನ್ನಡ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಹಾಡಿನ ಒಂದು ಸಾಲು ದಾಟಿರುತ್ತದೆ. ಅದಕ್ಕೆ ಅವರು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ. ಅಲ್ಲಿ ಳ, ಣ ಎರಡೂ ಮಾಯ. ಒಮ್ಮೆ ಬಾಲಯೇಸುವಿನ ಹಾಡಿನಲ್ಲಿ ‘ಬಾಳ್’, ಅಂದರೆ ಮಗು, ಎನ್ನುವಲ್ಲೆಲ್ಲ ಎಂಟು ಮಕ್ಕಳು ಜೋರಾಗಿ ‘ಬಾಲ್’ ಎಂದರು. ಗೋದಲಿಯಲ್ಲಿ ಕ್ರಿಕೆಟ್ ಬಾಲ್ ಇಟ್ಟ ಹಾಗಾಯಿತು. ಶಾಲೆಯಲ್ಲಿ ಕನ್ನಡ ಕಲಿಸುವವಳು ನಾನು, ನನಗೆ ಸಹಿಸಲು ಆಗಲಿಲ್ಲ. ಈಗ ಪ್ರತಿ ಪ್ರಾಕ್ಟೀಸಿನ ಮೊದಲ ಹತ್ತು ನಿಮಿಷ ರಾಗವೇ ಇಲ್ಲ. ಬರೀ ಸಾಹಿತ್ಯ, ಜೋರಾಗಿ, ಕನ್ನಡ ಅಕ್ಷರ ನೋಡಿಕೊಂಡು. ಕ್ರಿಸ್ಮಸ್ ದಿನ ಬೆಳಿಗ್ಗೆ ಕನ್ನಡ ಪೂಜೆಯೂ ಇದೆ. ಹಾಸನ, ಶಿವಮೊಗ್ಗ ಕಡೆಯಿಂದ ಕೆಲಸಕ್ಕೆ ಬಂದವರು, ಓದಲು ಬಂದವರು ಅದಕ್ಕೆ ಕಾಯುತ್ತಿರುತ್ತಾರೆ. ಅಲ್ಲಿ ನಮ್ಮ ‘ಮಹಿಮೆ’ ‘ಮೈಮೆ’ ಆದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಕನ್ನಡ ಪೂಜೆಯಲ್ಲಿ ಹಾಡುವವರು ನಾವು ಆರೇ ಜನ. ಆದರೆ ಸದ್ದು ಅಲ್ಲೇ ಜಾಸ್ತಿ. ಅವರು ಹಾಡಲು ನಾಚುವವರಲ್ಲ.

ಜಗಳ ಆಗುವುದು ಸೋಲೋಗೆ. ಬೈಬಲಿನ ಕೀರ್ತನೆಯನ್ನು ಯಾರು ಹಾಡಬೇಕು ಎನ್ನುವುದಕ್ಕೆ ಎರಡು ಮನೆಯವರು ಮಾತು ಬಿಟ್ಟದ್ದೂ ಇದೆ. ಕೆಲವರು ಕೀರ್ತನೆ ಬಿಟ್ಟು ಆ ಜಾಗದಲ್ಲಿ ಬೇರೆ ಚೆಂದದ ಹಾಡು ಹಾಕೋಣ ಎಂದರು, ಅದಕ್ಕೆ ಪೂಜಾ ನಿಯಮ ಒಪ್ಪುವುದಿಲ್ಲ. ನನ್ನ ಪುಣ್ಯಕ್ಕೆ ಕ್ರಿಸ್ಮಸ್ಸಿಗೆ ಒಂದಲ್ಲ, ಮೂರು ಪೂಜೆ. ರಾತ್ರಿಯದಕ್ಕೆ 96ನೇ ಕೀರ್ತನೆ, ಮುಂಜಾವದ್ದಕ್ಕೆ 97, ಹಗಲಿನದಕ್ಕೆ 98. ಮೂರು ಹುಡುಗಿಯರು, ಮೂರು ಕೀರ್ತನೆ. ರಾತ್ರಿಯದ್ದು ಯಾರಿಗೆ ಎನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತೇವೆ, ಅಂಕಲ್ ಎತ್ತುತ್ತಾರೆ. ಅವರ ಮೇಲೆ ಯಾರೂ ಸಿಟ್ಟಾಗುವುದಿಲ್ಲ.

ಮೈದಾನದ ಬಗ್ಗೆ ಎರಡು ಮಾತು. ಚರ್ಚಿನೊಳಗೆ ಗೋಡೆ ನಮ್ಮ ದನಿಯನ್ನು ತಿರುಗಿಸಿ ಕೊಡುತ್ತದೆ, ಹೊರಗೆ ಅದು ಆಕಾಶಕ್ಕೆ ಹೋಗಿಬಿಡುತ್ತದೆ. ತಮ್ಮ ದನಿ ತಮಗೆ ಕೇಳದೆ ಎಲ್ಲರೂ ಕಿರುಚಲು ಶುರು. ನಮ್ಮ ಕಡೆಗೆ ತಿರುಗಿದ ಒಂದು ಸಣ್ಣ ಸ್ಪೀಕರ್ ಇದ್ದರೆ ಅರ್ಧ ಕಿರುಚಾಟ ನಿಲ್ಲುತ್ತದೆ. ಅದಕ್ಕೆ ಮೈಕಿನವನ ಹತ್ತಿರ ಮೊದಲೇ ಹೇಳಿರಬೇಕು, ಆ ದಿನ ಹೇಳಿದರೆ "ವಯರ್ ಇಲ್ಲ ಮೇಡಂ" ಅನ್ನುತ್ತಾನೆ. ಗಿಟಾರಿನ ಶ್ರುತಿ ಮಂಜಿಗೆ ತಪ್ಪುತ್ತದೆ. ಕಾಣಿಕೆ ಹಾಡಿನವರೆಗೂ ಬೈರಾಸಿನಲ್ಲಿ ಸುತ್ತಿಟ್ಟು, ಫಾದರ್ ಪ್ರಸಂಗ ಹೇಳುವ ಹೊತ್ತಿಗೆ ಒಮ್ಮೆ ಶ್ರುತಿ ಸರಿ ಮಾಡುವುದು. ಪ್ರಸಂಗ ಉದ್ದ ಇದ್ದಷ್ಟು ನಮಗೆ ಅನುಕೂಲ.

2023ರಲ್ಲಿ ಮತ್ತೆ ಡಿಸೆಂಬರ್ 24 ಭಾನುವಾರ ಬಂತು. ಮತ್ತೆ 22 ದಿನ, ಬೆಳಿಗ್ಗೆ ನೇರಳೆ, ಸಂಜೆ ಬಿಳಿ. ಈ ಸಲ ಪಟ್ಟಿಯಲ್ಲಿ ಎಂಟು ಹಾಡು, ಹೊಸದು ಎರಡೇ. ಬೆಳಗಿನ ಪೂಜೆಗೆ ಕೊಯರಿನ ಅರ್ಧದಷ್ಟು ಜನ ಸಾಕೆಂದು ಉಳಿದವರನ್ನು ಮಲಗಲು ಬಿಟ್ಟೆ. ಸಂಜೆ ಕೀಬೋರ್ಡಿನ ಹುಡುಗ ಸ್ವರ ಹಿಡಿದ, ಫಾದರ್ ಅದನ್ನೇ ಎತ್ತಿಕೊಂಡರು. ಎರಡನೇ ಸಾಲಿಗೆ ಗಂಟೆ ಬಾರಿಸತೊಡಗಿತು. ನಾನು ಕೊಯರಿಗೆ ತಾಳ ತೋರಿಸುತ್ತಾ ಜನರಿಗೆ ಬೆನ್ನು ಹಾಕಿ ನಿಂತಿದ್ದೆ. ಗಂಟೆಯ ನಡುವೆ ಹಿಂದಿನಿಂದ ಏನೋ ದಪ್ಪಗೆ ನುಗ್ಗಿ ಬಂದ ಹಾಗಾಯಿತು. ಮೊದಲು ಸ್ಪೀಕರ್ ಕೆಟ್ಟಿತು ಅಂದುಕೊಂಡೆ. ಜನ ಹಾಡುತ್ತಿದ್ದರು. ಹೆಂಗಸರ ಕೆಳಗಿನ ದನಿಯಾದ ಆಲ್ಟೊದ ಹುಡುಗಿಯೊಬ್ಬಳು ಅದನ್ನು ನೋಡಿ ತನ್ನ ಪಾರ್ಟ್ ಮರೆತು ಸೊಪ್ರಾನೊ ಹಾಡಿಬಿಟ್ಟಳು. ಅಂಕಲ್ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದರು. ಯಾವ ಭಾಷೆಯಲ್ಲಿ ಎಂದು ನನಗೆ ಸಣ್ಣ ಸಂಶಯ ಇದೆ.

ಪೂಜೆ ಮುಗಿದು ವಯರ್ ಸುತ್ತುವಾಗ ಯಾರೂ ಬಂದು ಕೈ ಕುಲುಕಲಿಲ್ಲ. ಎಲ್ಲರೂ ಗೋದಲಿ ನೋಡಲು, ಕೇಕ್ ತಿನ್ನಲು ಹೋಗಿದ್ದರು. ಬಂದದ್ದು ಒಂದು ವಾಟ್ಸಾಪ್ ಮೆಸೇಜು ಮಾತ್ರ. 27ಕ್ಕೆ ಮದುವೆ ಇತ್ತು. ಆಗಮನ ಕಾಲ ಮುಗಿಯಲಿ, ಗಲ್ಫಿನವರು ಬರಲಿ ಎಂದು ಕಾದು ಕೂತ ಮದುವೆಗಳೆಲ್ಲ ಆ ವಾರವೇ. ಮದುಮಗಳ ತಾಯಿ ಹಾಡಿನ ಪಟ್ಟಿ ಕಳಿಸಿದ್ದರು. ಹದಿನಾಲ್ಕು ಹಾಡು. ಎಲ್ಲ ಹೊಸದು.