ಹಬ್ಬದ ಷೋ ವಿಂಡೊ: ನೋಡುವುದು ಹೇಗೆ, ಬರೆಯುವುದು ಹೇಗೆ?

ಹಬ್ಬಕ್ಕೆ ಸಿಂಗರಿಸಿದ ಷೋ ವಿಂಡೊವನ್ನು ವಿಶ್ಲೇಷಿಸಿ ಎಂದರೆ ವಿನ್ಯಾಸ ಕಲಿಯುವವರಲ್ಲಿ ಬಹುಪಾಲು ಮಂದಿ ಸಾಮಾನುಪಟ್ಟಿ ಬರೆದುಕೊಂಡು ಬರುತ್ತಾರೆ. ಮೂರು ಬೊಂಬೆ, ಕೆಂಪು ಪರದೆ, ಬಂಗಾರದ ಬಣ್ಣದ ನಕ್ಷತ್ರ, ಕೊನೆಗೊಂದು ‘ಆಕರ್ಷಕವಾಗಿದೆ’. ಅದು ಉಗ್ರಾಣದ ಲೆಕ್ಕ. ದಾರಿಹೋಕರ ಕಣ್ಣು ಮೊದಲು ಎಲ್ಲಿ ಬಿತ್ತು, ಅಲ್ಲಿಂದ ಎತ್ತ ಸರಿಯಿತು, ಮಾರುವ ವಸ್ತುವಿನ ಮೇಲೆ ನಿಂತಿತೋ ಅಲಂಕಾರದಲ್ಲೇ ಕಳೆದುಹೋಯಿತೋ ಎಂಬುದನ್ನು ಹೇಳದಿದ್ದರೆ ಅದು ವಿಶ್ಲೇಷಣೆಯಲ್ಲ.

ಒಂದು ನೋಟ್‌ಬುಕ್, ಪೆನ್ಸಿಲ್, ಮ್ಯಾನ್ಯುಯಲ್ ಮೋಡ್ (ಕ್ಯಾಮೆರಾದ ಸೆಟ್ಟಿಂಗ್‌ಗಳನ್ನು ನಾವೇ ಬದಲಿಸುವ ಸೌಲಭ್ಯ) ಇರುವ ಫೋನ್ ಸಾಕು.

ಮೊದಲು ನಡೆಯಿರಿ

ಕಿಟಕಿಯ ಎದುರು ನೆಟ್ಟಗೆ ನಿಂತು ಶುರುಮಾಡಬೇಡಿ. ಜನ ಹಾಗೆ ನೋಡುವುದಿಲ್ಲ. ಪಕ್ಕದಿಂದ, ಓರೆಯಾಗಿ, ನಡೆಯುತ್ತಾ ನೋಡುತ್ತಾರೆ. ಸಾಮಾನ್ಯ ನಡಿಗೆ ಸೆಕೆಂಡಿಗೆ 1.2ರಿಂದ 1.4 ಮೀಟರ್. 3 ಮೀಟರ್ ಅಗಲದ ಕಿಟಕಿ ಎರಡು ಸೆಕೆಂಡು ದಾಟುವಷ್ಟರಲ್ಲಿ ಹಿಂದಾಗಿರುತ್ತದೆ. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಹಾದುಹೋಗಿ, ಬೆನ್ನು ತಿರುಗಿಸಿ, ನೆನಪಿರುವ ಮೂರನ್ನು ಮಾತ್ರ ಬರೆಯಿರಿ. ಫೋಟೊ ನೋಡಿದ ಮೇಲೆ ಈ ಪುಟವನ್ನು ತಿದ್ದಬಾರದು.

ಆಮೇಲೆ ಕಣ್ಣು ಅರೆಮುಚ್ಚಿ ನೋಡಿ. ಕಾಣುವ ನಾಲ್ಕೈದು ದೊಡ್ಡ ಆಕಾರಗಳನ್ನಷ್ಟೇ ಗೀಚಿ, ಕಣ್ಣು ಹೋದ ಕ್ರಮದಲ್ಲಿ ಅಂಕಿ ಹಾಕಿ. ‘ತ್ರಿಕೋನ ಸಂಯೋಜನೆ’ ಎಂದು ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ಯಾವ ಮೂರು ವಸ್ತು ಇಟ್ಟರೂ ತ್ರಿಕೋನವಾಗುತ್ತದೆ! ಅದರ ತುದಿಯಲ್ಲಿ ಇರುವುದು ಸರಕೋ ಕಾಗದದ ನಕ್ಷತ್ರವೋ, ಅದನ್ನು ಬರೆಯಿರಿ.

ಎಲ್ಲರೂ ಎಡವುವುದು ಬೆಳಕಿನಲ್ಲಿ

ಒಂದೇ ಕಿಟಕಿಯನ್ನು ನಡುಹಗಲು, ಮುಸ್ಸಂಜೆ, ಕತ್ತಲಾದ ಮೇಲೆ ಮೂರು ಸಲ ನೋಡಲೇಬೇಕು. ರಾತ್ರಿ ಮಾತ್ರ ನೋಡಿ ಹೊಗಳುವ ವರದಿ ಅರ್ಧ ವರದಿ.

ಹಗಲಿನ ಶತ್ರು ಪ್ರತಿಫಲನ. ಸಾದಾ ಗಾಜಿನ ಒಂದು ಹಾಳೆಯ ಎರಡು ಮೈಗಳೂ ಸೇರಿ, ನೇರ ಬಿದ್ದ ಬೆಳಕಿನ ಸುಮಾರು 8 ಶೇಕಡಾವನ್ನು ಹಿಂದಕ್ಕೆ ಕಳಿಸುತ್ತವೆ, ಓರೆಯಾದಷ್ಟೂ ಹೆಚ್ಚು. ಅಂದರೆ ಬೀದಿ ಒಳಗಿನ ವಸ್ತುಗಳಿಗಿಂತ ಹನ್ನೆರಡು–ಹದಿಮೂರು ಪಟ್ಟು ಬೆಳಗಿದರೆ ಗಾಜಿನಲ್ಲಿ ಬೀದಿಯ ಬಿಂಬವೇ ಗೆಲ್ಲುತ್ತದೆ. ಕಪ್ಪು, ಕಡುನೀಲಿ ಹಿನ್ನೆಲೆ ಇದ್ದಲ್ಲಿ ಗಾಜು ಕನ್ನಡಿಯೇ ಆಗಿಬಿಡುತ್ತದೆ. ಎಲ್ಲೆಲ್ಲಿ ನಿಮ್ಮ ಮುಖವೇ ಕಾಣುತ್ತದೋ ಆ ಜಾಗಗಳನ್ನು ಚಿತ್ರದಲ್ಲಿ ಗೆರೆ ಎಳೆದು ತುಂಬಿಸಿ. ಲೆನ್ಸನ್ನು ಗಾಜಿಗೆ ಒತ್ತಿಹಿಡಿದರೆ ಪ್ರತಿಫಲನ ಮಾಯವಾಗುತ್ತದೆ, ನಿಜ; ಆದರೆ ಯಾವ ಗಿರಾಕಿಯೂ ಗಾಜಿಗೆ ಮೂಗು ಒತ್ತಿ ನೋಡುವುದಿಲ್ಲ. ಪ್ರತಿಫಲನ ತಗ್ಗಿಸಲೆಂದು ಫೋನಿಗೆ ಸಿಕ್ಕಿಸುವ ಅಗ್ಗದ ಪೋಲರೈಸರ್ ಫಿಲ್ಟರ್‌ಗೆ ದುಡ್ಡು ಸುರಿಯಬೇಡಿ. ಒಳ್ಳೆಯ ಪೋಲರೈಸರ್ ಕೂಡ ಚೆನ್ನಾಗಿ ಕೆಲಸ ಮಾಡುವುದು ಗಾಜಿನ ನೇರ ಎದುರಿನಿಂದ 56 ಡಿಗ್ರಿ ಆಸುಪಾಸಿನ ಓರೆಯಲ್ಲಿ. ನೇರ ನಿಂತರೆ ಏನೂ ಮಾಡದು.

ರಾತ್ರಿಯ ಪ್ರಶ್ನೆ ಬೇರೆ: ಮುಖ್ಯ ವಸ್ತು ಸುತ್ತಲಿಗಿಂತ ಎಷ್ಟು ಪಟ್ಟು ಬೆಳಗಿದೆ? ಫೋನಿನ ಎಚ್‌ಡಿಆರ್ ಮತ್ತು ನೈಟ್ ಮೋಡ್ ಆರಿಸಿ. ಅವೆರಡೂ ನೆರಳನ್ನೆಲ್ಲ ಎತ್ತಿ ಕಿಟಕಿಯನ್ನು ಇದ್ದದ್ದಕ್ಕಿಂತ ಸಮ ಮಾಡಿ ತೋರಿಸುತ್ತವೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸುತ್ತದೆ ಎಂಬ ಅಂಕಿ) ಒಂದೇ ಇರಿಸಿ, ಮುಖ್ಯ ವಸ್ತು ಸರಿಯಾಗಿ ಕಾಣುವ ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಅವಧಿ, ಬರೆದುಕೊಳ್ಳಿ. ಆಮೇಲೆ ಹಿನ್ನೆಲೆ ಅಷ್ಟೇ ಬೆಳ್ಳಗೆ ಕಾಣುವ ವೇಗ ನೋಡಿ. ಮೊದಲನೆಯದು 1/200 ಸೆಕೆಂಡು, ಎರಡನೆಯದು 1/50 ಸೆಕೆಂಡು ಬಂದರೆ ಅಂತರ ನಾಲ್ಕು ಪಟ್ಟು. ಹೋಲಿಸುವ ಎರಡೂ ಮೈಗಳ ಬಣ್ಣ ಹತ್ತಿರಹತ್ತಿರ ಇರಲಿ. ಬಿಳಿ ಬಟ್ಟೆಯನ್ನು ಕಪ್ಪು ಮಖಮಲ್ಲಿಗೆ ಹೋಲಿಸಿದರೆ ಬೆಳಕಿನ ಬದಲು ಬಣ್ಣವನ್ನು ಅಳೆದಂತಾಯಿತು. ಎರಡು ಪಟ್ಟಿನ ಅಂತರ ಕಣ್ಣಿಗೆ ನಾಟುವುದಿಲ್ಲ. ಐದು ಪಟ್ಟು ದಾಟಿದರೆ ವಸ್ತು ಎದ್ದು ನಿಲ್ಲುತ್ತದೆ.

ಸ್ಪಾಟ್‌ಲೈಟ್ ಎಲ್ಲಿಂದ ಬರುತ್ತಿದೆ ಎಂಬುದನ್ನು ನೆರಳೇ ಹೇಳುತ್ತದೆ. ಮುಂದಿನ ಮೇಲಂಚಿನಿಂದ ಒಳಮುಖವಾಗಿ, ಲಂಬದಿಂದ ಸುಮಾರು 30 ಡಿಗ್ರಿ ವಾಲಿಸಿದ್ದರೆ ಬೊಂಬೆಯ ಮುಖ ಬಿಡಿಸಿಕೊಂಡು ಕಾಣುತ್ತದೆ. ನೆತ್ತಿಯ ಮೇಲೇ ಇದ್ದರೆ ಕಣ್ಣುಗುಳಿ ಕಪ್ಪಾಗುತ್ತದೆ. ಹಿಂದಿನಿಂದ ಗಾಜಿನತ್ತ ತಿರುಗಿದ್ದರೆ ನೋಡುವವರ ಕಣ್ಣು ಕುಕ್ಕುತ್ತದೆ.

ಇನ್ನು ಸೀರಿಯಲ್ ಸೆಟ್. ಹಬ್ಬದ ಕಿಟಕಿಯನ್ನು ಕೆಡಿಸುವುದರಲ್ಲಿ ಇದಕ್ಕೇ ಅಗ್ರಸ್ಥಾನ. ಒಂದೊಂದು ಬಲ್ಬೂ ಚಿಕ್ಕ ಪ್ರಖರ ಚುಕ್ಕಿ, ಮಿನುಗಿದರಂತೂ ಕಣ್ಣನ್ನು ಸರಕಿನಿಂದ ಎಳೆದುಕೊಳ್ಳುತ್ತದೆ. ಹೆಬ್ಬೆರಳನ್ನು ಅಡ್ಡ ಹಿಡಿದು ಸರವನ್ನು ಮರೆಮಾಡಿ. ಆಗಲೇ ವಸ್ತು ಚೆನ್ನಾಗಿ ಕಂಡರೆ ಸರ ಅಲ್ಲಿ ಇರಬಾರದಿತ್ತು.

ಬಣ್ಣ, ಬರಹ

ಫೋಟೊವನ್ನು ಕಪ್ಪುಬಿಳುಪು ಮಾಡಿ. ಗಾಢ ಕೆಂಪು, ಗಾಢ ಹಸಿರು ಒಂದೇ ಬೂದು ಆಗಿಬಿಡುವುದುಂಟು. ಸರಕು ಅಲ್ಲಿ ಕರಗಿಹೋದರೆ ದೂರದಿಂದಲೂ ಕರಗುತ್ತದೆ. 3 ಮೀಟರ್ ದೂರದಿಂದ ಓದಬೇಕಾದ ಅಕ್ಷರ ಕನಿಷ್ಠ 25 ಮಿ.ಮೀ. ಎತ್ತರವಿರಲಿ, ಒತ್ತಕ್ಷರವಿರುವ ಕನ್ನಡಕ್ಕೆ ಇನ್ನೂ ದೊಡ್ಡದು ಬೇಕು.

ವರದಿ ಬರೆಯುವಾಗ ಪ್ರತಿ ಮಾತಿಗೂ ಕಂಡದ್ದು, ಕಾರಣ, ಪರಿಣಾಮ ಮೂರೂ ಇರಲಿ. ‘ಬೆಳಕು ಚೆನ್ನಾಗಿಲ್ಲ’ ಎಂದು ಬರೆದರೆ ಅಂಗಡಿಯವರು ಏನು ತಿದ್ದಬೇಕು? ‘ಎಡಬದಿಯ ಬೊಂಬೆ ಹಿನ್ನೆಲೆಗಿಂತ ಎರಡೇ ಪಟ್ಟು ಬೆಳಗಿದೆ, ಅದರ ಹಿಂದೆ ಸೀರಿಯಲ್ ಸೆಟ್ ಮಿನುಗುತ್ತಿದೆ, ಹಾಗಾಗಿ ಎಡದಿಂದ ಬರುವವರಿಗೆ ಉಡುಪು ಕಾಣುವ ಮುನ್ನ ಸರ ಕಾಣುತ್ತದೆ’ ಎಂದು ಬರೆದರೆ ಅವರು ಏಣಿ ತರಲು ಹೊರಡುತ್ತಾರೆ.