ಬ್ಯಾಕಪ್ ಕೈಕೊಟ್ಟ ರಾತ್ರಿ ಲಾಗ್ ಏನು ಹೇಳುತ್ತದೆ

ಬೆಂಗಳೂರಿನ ಹಳೆಯ ಬಡಾವಣೆಗಳ ಸಣ್ಣ ಕಚೇರಿಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಚಾಮರಾಜಪೇಟೆಯ ಪುಸ್ತಕ ಪ್ರಕಾಶಕರು, ಮಲ್ಲೇಶ್ವರದ ಲೆಕ್ಕಪರಿಶೋಧಕರು, ಚಿಕ್ಕಪೇಟೆಯ ಬಟ್ಟೆಯ ಸಗಟು ವ್ಯಾಪಾರಿಗಳು, ಹೀಗೆ. ಇವರೆಲ್ಲರ ಕಡತಗಳೂ ರಾತ್ರಿ ಹೊತ್ತು ಕ್ಲೌಡ್‌ಗೆ ಹೋಗುತ್ತವೆ. ಹೋಗದಿದ್ದರೆ ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಬರುತ್ತದೆ: ಪರದೆಯ ಕೊನೆಯ ಕೆಂಪು ಸಾಲು, ಅದೂ ಅರ್ಧ ಕತ್ತರಿಸಿದ್ದು. ಅದರಿಂದ ನನಗೆ ಏನೂ ತಿಳಿಯುವುದಿಲ್ಲ. ಇಡೀ ಲಾಗ್ ಕಡತ, ಅಂದರೆ ತಂತ್ರಾಂಶ ತಾನು ಮಾಡಿದ್ದನ್ನು ಸಾಲುಸಾಲಾಗಿ ಬರೆದಿಡುವ ದಿನಚರಿ, ಕಳುಹಿಸಿ ಎನ್ನುತ್ತೇನೆ. ಅದರ ಜೊತೆಗೆ, ಬ್ಯಾಕಪ್ ಸುಸೂತ್ರವಾಗಿ ಮುಗಿದಿದ್ದ ಯಾವುದಾದರೂ ಒಂದು ರಾತ್ರಿಯ ಲಾಗ್ ಕೂಡ ಬೇಕು ಎನ್ನುತ್ತೇನೆ.

ಹೆಚ್ಚಿನವರಿಗೆ ಈ ಎರಡನೆಯ ಬೇಡಿಕೆ ವಿಚಿತ್ರ ಎನಿಸುತ್ತದೆ. ನನಗೆ ಅದೇ ಮುಖ್ಯ. ಲಾಗ್‌ನಲ್ಲಿ ‘ಎರರ್’ ಎಂದು ಬರೆದದ್ದೆಲ್ಲ ತೊಂದರೆಯಲ್ಲ. ಸಂಗ್ರಹದ ಸರ್ವರ್ ಆಗಾಗ 503 ಎಂಬ ಉತ್ತರ ಕೊಟ್ಟು ‘ಸ್ವಲ್ಪ ನಿಧಾನ’ ಎನ್ನುತ್ತದೆ. ತಂತ್ರಾಂಶ ಕೆಲವು ಕ್ಷಣ ಕಾದು ಮತ್ತೆ ಕಳುಹಿಸುತ್ತದೆ, ಕಡತ ಹೋಗಿ ಸೇರುತ್ತದೆ. ಒಳ್ಳೆಯ ರಾತ್ರಿಯ ಲಾಗ್‌ನಲ್ಲೂ ಇಂಥ ಸಾಲುಗಳು ಇದ್ದೇ ಇರುತ್ತವೆ. ಅದನ್ನು ಎಂದೂ ತೆರೆದು ನೋಡದವರು ಕೆಟ್ಟ ರಾತ್ರಿಯಲ್ಲಿ ಈ 503ರ ಬೆನ್ನು ಹತ್ತಿ ಇಂಟರ್ನೆಟ್ ಕಂಪನಿಗೆ ಫೋನ್ ಮಾಡುತ್ತಾ ಕೂರುತ್ತಾರೆ. ನಾನು ಎರಡು ಲಾಗ್‌ಗಳನ್ನೂ ಅಕ್ಕಪಕ್ಕ ತೆರೆದು ಮೇಲಿನಿಂದ ಓದುತ್ತಾ ಬರುತ್ತೇನೆ. ಅವು ಮೊದಲು ಬೇರೆಯಾಗುವ ಸಾಲು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಪ್ರಕಾಶಕರ ಕಚೇರಿಯ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಆರ್‌ಕ್ಲೋನ್ ಎಂಬ ಮುಕ್ತ ತಂತ್ರಾಂಶ ರಾತ್ರಿ ಒಂದೂವರೆಗೆ ಏಳುತ್ತದೆ. ಪುಟವಿನ್ಯಾಸದ ಕಡತಗಳನ್ನೂ ಸ್ಕ್ಯಾನ್ ಮಾಡಿದ ಹಳೆಯ ಪುಟಗಳನ್ನೂ ಅಮೆಜಾನ್‌ನ ಎಸ್3 ಮಾದರಿಯ ಕ್ಲೌಡ್ ಸಂಗ್ರಹಕ್ಕೆ ಕಳುಹಿಸುತ್ತದೆ. ಯುನಿಕೋಡ್ ರೂಢಿಯಾದ ಮೇಲೆ ಅವರ ಫೋಲ್ಡರ್‌ಗಳ ಹೆಸರೆಲ್ಲ ಅಚ್ಚ ಕನ್ನಡ. ಮಾಲೆಯ ಹೆಸರು, ಸಂಪುಟ, ಲೇಖಕರು, ಕೃತಿ, ಕೊನೆಗೆ ಅಧ್ಯಾಯ ಎಂದು ಐದು ಹಂತ. ಯಾವುದನ್ನೂ ಮೊಟಕು ಮಾಡುವುದು ಅವರ ಸ್ವಭಾವದಲ್ಲೇ ಇಲ್ಲ. ಕಡತಗಳ ಹೆಸರನ್ನೂ ಗೂಢಲಿಪಿಗೆ ಬದಲಿಸಿ ಕಳುಹಿಸಬೇಕೆಂದು ಅವರೇ ಕೇಳಿದ್ದರಿಂದ ಆ ಸೌಲಭ್ಯವನ್ನು ಚಾಲೂ ಮಾಡಿದ್ದೆವು. ಆ ಮೇಲೆ ಒಂದು ಮಾಲೆಯ ಕೆಲವು ಅಧ್ಯಾಯಗಳು ಮಾತ್ರ ಕ್ಲೌಡ್ ಸೇರದೆ ಉಳಿಯತೊಡಗಿದವು.

ಲಾಗ್‌ನ ಅಡಿಯಲ್ಲಿದ್ದ ಸಾರಾಂಶ ಹೇಳುತ್ತಿದ್ದುದು ಇಷ್ಟೆ: ಮೂರು ಸುತ್ತು ಪ್ರಯತ್ನಿಸಿದೆ, ಮೂರೂ ವಿಫಲ. ಆರ್‌ಕ್ಲೋನ್ ತಾನಾಗಿಯೇ ಮೂರು ಸುತ್ತು ಹಾಕುತ್ತದೆ, ಪ್ರತಿ ಸುತ್ತಿನ ಕೊನೆಗೆ ತಪ್ಪುಗಳ ಲೆಕ್ಕ ಬರೆಯುತ್ತದೆ. ಆ ಲೆಕ್ಕವನ್ನು ನಾನು ತಪ್ಪದೆ ನೋಡುತ್ತೇನೆ. ತೊಂದರೆ ಇಂಟರ್ನೆಟ್ಟಿನದಾಗಿದ್ದರೆ ಎರಡನೆಯ ಸುತ್ತಿನಲ್ಲಿ ಸಂಖ್ಯೆ ಇಳಿಯುತ್ತದೆ, ಮೂರನೆಯದರಲ್ಲಿ ಇನ್ನಷ್ಟು ಇಳಿಯುತ್ತದೆ, ಸಿಕ್ಕಿಬಿದ್ದ ಕಡತಗಳ ಹೆಸರೂ ಬದಲಾಗುತ್ತದೆ. ಇಲ್ಲಿ ಮೂರು ಸುತ್ತಿನಲ್ಲೂ ಅದೇ ಸಂಖ್ಯೆ, ಅವೇ ಹೆಸರುಗಳು. ಅಂದರೆ ತೊಂದರೆ ತಂತಿಯಲ್ಲಿಲ್ಲ, ಕಡತದಲ್ಲೇ ಇದೆ. ಇನ್ನೊಂದು ಸಾಲೂ ಕಂಡಿತು: ತಪ್ಪುಗಳು ಇರುವುದರಿಂದ ಏನನ್ನೂ ಅಳಿಸುತ್ತಿಲ್ಲ. ಸಿಂಕ್ ಮಾಡುವಾಗ, ಅಂದರೆ ಎರಡೂ ಕಡೆಯ ಕಡತಗಳನ್ನು ಒಂದೇ ಥರ ಮಾಡುವಾಗ, ತಪ್ಪು ಕಂಡರೆ ಆರ್‌ಕ್ಲೋನ್ ಆಚೆ ಕಡೆಯ ಹಳೆಯ ಪ್ರತಿಗಳನ್ನು ಅಳಿಸುವುದಿಲ್ಲ. ಸಂಗ್ರಹದ ಬಾಡಿಗೆ ಏಕೆ ಏರುತ್ತಿದೆ ಎಂದು ಕಚೇರಿಯ ವ್ಯವಸ್ಥಾಪಕರು ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಆ ಒಂದು ಸಾಲಿನಲ್ಲಿತ್ತು.

ರಾತ್ರಿಯ ಲಾಗ್ ಇನ್ಫೊ ಮಟ್ಟದ್ದು, ಮುಖ್ಯ ಸಂಗತಿಗಳನ್ನಷ್ಟೇ ಬರೆಯುವಂಥದ್ದು. ಅದನ್ನು ದಿನವೂ ಪ್ರತಿ ಹೆಜ್ಜೆಯನ್ನೂ ಬರೆಯುವ ಡೀಬಗ್ ಮಟ್ಟಕ್ಕೆ ಏರಿಸಿಡುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕಡತ ಊದಿಕೊಂಡು ನೋಟ್‌ಪ್ಯಾಡ್‌ನಲ್ಲಿ ತೆರೆಯುವುದೇ ಕಷ್ಟವಾಗುತ್ತದೆ. ಬೇಕಾದ ಸಾಲು ಆ ರಾಶಿಯಲ್ಲಿ ಹೂತುಹೋಗುತ್ತದೆ. ನಾನು ಮಾಡುವುದು ಬೇರೆ. ಸೋತ ಕಡತಗಳಲ್ಲಿ ಒಂದೇ ಒಂದನ್ನು ಆರಿಸಿ, ಅದನ್ನು ಮಾತ್ರ ಡೀಬಗ್ ಮಟ್ಟದಲ್ಲಿ ಕೈಯಾರೆ ಕಳುಹಿಸುತ್ತೇನೆ. ಆಗ ಲಾಗ್ ಒಂದೆರಡು ಪುಟ ಮೀರುವುದಿಲ್ಲ, ಸರ್ವರ್ ಕೊಟ್ಟ ಉತ್ತರ ಪೂರ್ತಿಯಾಗಿ ಕಾಣುತ್ತದೆ. ಇಲ್ಲಿ ಬಂದ ಉತ್ತರ 400, ‘ಕೀ ತುಂಬಾ ಉದ್ದವಾಯಿತು’. ಎಸ್3 ಲೋಕದಲ್ಲಿ ಕೀ ಎಂದರೆ ಫೋಲ್ಡರ್‌ಗಳೂ ಸೇರಿದ ಕಡತದ ಪೂರ್ತಿ ಹೆಸರು. ಅದಕ್ಕೆ 1,024 ಬೈಟ್‌ಗಳ ಮಿತಿ ಇದೆ.

ಪರದೆಯ ಮೇಲೆ ಆ ಹೆಸರು ಅಷ್ಟೇನೂ ಉದ್ದವಾಗಿ ಕಾಣುತ್ತಿರಲಿಲ್ಲ. ಆದರೆ ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೆ 3 ಬೈಟ್ ಬೇಕು, ಒತ್ತು ಕೊಂಬು ದೀರ್ಘಗಳೂ ಪ್ರತ್ಯೇಕ ಚಿಹ್ನೆಗಳೆಂದೇ ಲೆಕ್ಕ. ‘ಸ್ವಾತಂತ್ರ್ಯ’ ಎಂಬುದು ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರಿಗೆ 11 ಚಿಹ್ನೆ, 33 ಬೈಟ್. ಸೋತ ಕಡತದ ಪೂರ್ತಿ ಹೆಸರಿನಲ್ಲಿ ಹೆಚ್ಚುಕಡಿಮೆ 240 ಚಿಹ್ನೆಗಳಿದ್ದವು. ವಿಂಡೋಸ್‌ನ ರೂಢಿಯ ಮಿತಿ 260 ಆದ್ದರಿಂದ ಅದಕ್ಕೆ ತಕರಾರಿಲ್ಲ. ಬೈಟ್‌ಗೆ ತಿರುಗಿಸಿದರೆ 720, ಕ್ಲೌಡ್‌ಗೂ ತಕರಾರಿಲ್ಲ. ಹಾಗಾಗಿಯೇ ಗೂಢಲಿಪಿ ಇಲ್ಲದಿದ್ದಾಗ ಎಲ್ಲವೂ ಹೋಗುತ್ತಿತ್ತು. ಆರ್‌ಕ್ಲೋನ್ ಹೆಸರನ್ನು ಗೂಢಲಿಪಿಗೆ ಬದಲಿಸಿ ಬೇಸ್32 ಎಂಬ, ಕೇವಲ 32 ಅಕ್ಷರಗಳನ್ನು ಬಳಸುವ ಪದ್ಧತಿಯಲ್ಲಿ ಬರೆಯುತ್ತದೆ. ಆಗ ಪ್ರತಿ 5 ಬೈಟ್‌ಗೆ 8 ಅಕ್ಷರ ಆಗುತ್ತದೆ. 720 ಬೆಳೆದು 1,152 ಆಯಿತು, ಮಿತಿ ದಾಟಿತು. ಕಡತಗಳಿಗೆ ಇಂಗ್ಲಿಷ್ ಹೆಸರಿಡುವ ಕಚೇರಿಯಲ್ಲಿ ಈ ತೊಂದರೆ ಎಂದೂ ಕಾಣಿಸದೆ ಹೋಗಬಹುದು.

ಬೇಸ್64 ಎಂಬ ಇನ್ನಷ್ಟು ಚಿಕ್ಕ ಬರಹಕ್ಕೆ ಬದಲಾಯಿಸಿದರೆ ಲೆಕ್ಕ ಕೂದಲೆಳೆಯಷ್ಟು ಅಂತರದಲ್ಲಿ ಮಿತಿಯೊಳಗೆ ಬರುತ್ತಿತ್ತು. ಆದರೆ ಅದಕ್ಕಾಗಿ ಇಡೀ ಸಂಗ್ರಹವನ್ನು ಮತ್ತೆ ಕಳುಹಿಸಬೇಕು. ಸೆಕೆಂಡಿಗೆ 10 ಮೆಗಾಬಿಟ್‌ನ ಅಪ್‌ಲೋಡ್ ಸಂಪರ್ಕದಲ್ಲಿ ಎಂಟು ಗಂಟೆಯ ರಾತ್ರಿಗೆ ಹೋಗುವುದು ಹೆಚ್ಚೆಂದರೆ 36 ಗಿಗಾಬೈಟ್. ಅವರ ಸ್ಕ್ಯಾನ್ ಪುಟಗಳಿಗೆ ಅದು ಏನೇನೂ ಸಾಲದು. ಹಾಗಾಗಿ ಆ ಒಂದು ಮಾಲೆಯ ಫೋಲ್ಡರ್‌ಗಳ ಹೆಸರನ್ನಷ್ಟೇ ಮೊಟಕುಗೊಳಿಸಲು ಕೇಳಿದೆ. “ಏನಪ್ಪಾ, ಸಂಪುಟದ ಹೆಸರು ಉದ್ದವಾಯಿತೆಂದು ಕಂಪ್ಯೂಟರ್ ಮುನಿಸಿಕೊಂಡಿತೇ?” ಎಂದು ವ್ಯವಸ್ಥಾಪಕರು ನಕ್ಕರು. ಹೆಸರು ಚಿಕ್ಕದು ಮಾಡಿಕೊಟ್ಟರು, ಆದರೆ ಲೇಖಕರ ಹೆಸರಿನ ಹಿಂದಿನ ‘ಡಾ.’ ತೆಗೆಯಲು ಮಾತ್ರ ಒಪ್ಪಲಿಲ್ಲ.

ಮಲ್ಲೇಶ್ವರದ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಬಂದದ್ದು 403. ಪ್ರವೇಶ ನಿರಾಕರಣೆ ಎಂದ ಕೂಡಲೇ ಎಲ್ಲರೂ ಪಾಸ್‌ವರ್ಡ್ ಬದಲಿಸಲು ಓಡುತ್ತಾರೆ. 403 ಒಂದೇ ಅಲ್ಲ, ಅದರ ಪಕ್ಕದ ಪದಗಳನ್ನು ಓದಬೇಕು. ಅಲ್ಲಿ ಬರೆದಿದ್ದುದು ‘ಕೋರಿಕೆಯ ಸಮಯಕ್ಕೂ ಈಗಿನ ಸಮಯಕ್ಕೂ ಅಂತರ ಹೆಚ್ಚಾಯಿತು’ ಎಂದು. ನಮ್ಮ ಗಡಿಯಾರಕ್ಕೂ ಸರ್ವರ್‌ನ ಗಡಿಯಾರಕ್ಕೂ 15 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಸ್3 ಕೋರಿಕೆಯನ್ನು ಒಪ್ಪುವುದಿಲ್ಲ. ಲಾಗ್‌ನ ಎಡ ಅಂಚಿನ ತಾರೀಕುಗಳ ಮೇಲೆ ಕಣ್ಣಾಡಿಸಿದರೆ ಸಾಕಾಗಿತ್ತು: ಕರೆಂಟ್ ಹೋಗಿ ಬಂದ ಮೇಲಿನ ಸಾಲು ಹಿಂದಿನ ಸಾಲಿಗಿಂತ ಹಳೆಯದು! ಮದರ್‌ಬೋರ್ಡಿನ ಸೆಲ್ ಸತ್ತಿತ್ತು. ಎಸ್‌.ಪಿ. ರಸ್ತೆಯಿಂದ ಸಿಆರ್2032 ಸೆಲ್ ಒಂದನ್ನು ತಂದು ಹಾಕಿ, ಗಡಿಯಾರ ಇಂಟರ್ನೆಟ್ ಮೂಲಕ ಸರಿಹೊಂದುವಂತೆ ಮಾಡಿದ್ದಾಯಿತು.

ಸಮಯದ ವಿಷಯ ಬಂದದ್ದರಿಂದ ಹೇಳುತ್ತೇನೆ: ನಮ್ಮ ಲಾಗ್ ಸಾಮಾನ್ಯವಾಗಿ ಭಾರತೀಯ ಕಾಲಮಾನದಲ್ಲಿರುತ್ತದೆ, ಸಂಗ್ರಹದ ಕಡೆಯ ಲಾಗ್ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಕಾಲಮಾನ ಯುಟಿಸಿಯಲ್ಲಿರುತ್ತದೆ. ಬೆಂಗಳೂರಿನಲ್ಲಿ 5ನೇ ತಾರೀಕು ಬೆಳಗಿನ ಜಾವ 1.30 ಆಗಿದ್ದರೆ ಅಲ್ಲಿ 4ನೇ ತಾರೀಕಿನ ರಾತ್ರಿ 8 ಗಂಟೆ. ತಾರೀಕು ಹಿಡಿದು ಹುಡುಕುವವರಿಗೆ ಆ ಸಾಲು ಸಿಗುವುದೇ ಇಲ್ಲ. ಆ ಕಡೆಯ ಲಾಗ್‌ನಲ್ಲಿ ಕನ್ನಡ ಹೆಸರುಗಳೂ ಶೇಕಡಾ ಚಿಹ್ನೆ, ಅಂಕಿ, ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಬೆಚ್ಚಬೇಕಿಲ್ಲ, ಕಡತ ಕೆಟ್ಟಿಲ್ಲ.

ಚಿಕ್ಕಪೇಟೆಯ ತೊಂದರೆ ಸರಳ. ಲೆಕ್ಕದ ತಂತ್ರಾಂಶವನ್ನು ರಾತ್ರಿಯೂ ತೆರೆದಿಟ್ಟು ಹೋಗುತ್ತಿದ್ದರು. ‘ಕಡತ ಬೇರೊಂದು ತಂತ್ರಾಂಶದ ಬಳಕೆಯಲ್ಲಿದೆ’ ಎಂಬ ಸಾಲು ದಿನವೂ ಬರುತ್ತಿತ್ತು. ವಿಂಡೋಸ್‌ನ ಶ್ಯಾಡೊ ಕಾಪಿ ಸೌಲಭ್ಯದಿಂದ, ತೆರೆದಿಟ್ಟ ಕಡತದ್ದೂ ಆ ಕ್ಷಣದ ಪ್ರತಿ ತೆಗೆದು ಕಳುಹಿಸುವಂತೆ ಮಾಡಿದೆ.

ಲಾಗ್ ಕಡತವನ್ನು ಬೇರೆಯವರಿಗೆ ಕಳುಹಿಸುವ ಮುನ್ನ ಒಮ್ಮೆ ಓದಿಕೊಳ್ಳಿ. ಲೆಕ್ಕಪರಿಶೋಧಕರ ಕಡತಗಳ ಹೆಸರಿನಲ್ಲೇ ಗ್ರಾಹಕರ ಪ್ಯಾನ್ ಸಂಖ್ಯೆ ಇರುತ್ತದೆ. ಅದನ್ನು ಅಳಿಸದೆ ಸಹಾಯವಾಣಿಗೆ ಕಳುಹಿಸುವುದು ಸರಿಯಲ್ಲ. ಅಳಿಸುವುದೂ ಪ್ರತಿಯಲ್ಲಿ ಮಾತ್ರ, ಮೂಲ ಹಾಗೆಯೇ ಇರಬೇಕು. ಕಂಪ್ಯೂಟರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು. ಗಡಿಯಾರಗಳನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಇಲ್ಲವೇ ಎನ್‌ಪಿಎಲ್ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯಕ್ಕೆ ಹೊಂದಿಸಬೇಕೆಂಬ ಮಾತೂ ಅದರಲ್ಲೇ ಇದೆ. ನಾನು ಪ್ರತಿ ರಾತ್ರಿಯ ಲಾಗ್‌ಗೆ ತಾರೀಕಿನ ಹೆಸರು ಕೊಟ್ಟು, ಬ್ಯಾಕಪ್ ಮುಗಿದ ಮೇಲೆ ಅದನ್ನೂ ಬೇರೊಂದು ಬಕೆಟ್‌ಗೆ, ಅಂದರೆ ಕ್ಲೌಡ್‌ನ ಇನ್ನೊಂದು ಸಂಗ್ರಹ ವಿಭಾಗಕ್ಕೆ, ಕಳುಹಿಸುತ್ತೇನೆ. ಯಂತ್ರವೇ ಹಾಳಾದ ದಿನ ಅದರೊಳಗಿನ ಲಾಗ್‌ನಿಂದ ಯಾರಿಗೂ ಉಪಯೋಗವಿಲ್ಲ.